ಮಾರ್ಫಿನ್ ಮಾತ್ರೆ ಮನೆಗೆ ಬಂದಿದೆ, ಈಗ ಏನು ಮಾಡಬೇಕು?

"ಅಮ್ಮನಿಗೆ ಡಾಕ್ಟ್ರು ಮಾರ್ಫಿನ್ ಬರೆದಿದ್ದಾರೆ, ಕೊಡಬಹುದಾ? ಚಟ ಹತ್ತಲ್ವಾ? ಇದು ಕೊನೇ ಔಷಧಿ ಅಂತಾರಲ್ಲ, ನಿಜಾನಾ?"

ಈ ಮೂರು ಪ್ರಶ್ನೆ ಯಾರಾದರೂ ಕೇಳದೆ ನನಗೆ ಒಂದು ವಾರವೂ ಕಳೆಯುವುದಿಲ್ಲ. ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳ ನೋವು ನೋಡಿಕೊಳ್ಳುವ ನರ್ಸ್ ನಾನು. ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಇದು ಕ್ಯಾನ್ಸರ್ ನೋವಿಗೆ ಡಾಕ್ಟರ್ ನೋಡಿ ಬರೆದ ಮಾತ್ರೆಯನ್ನು ಮನೆಯಲ್ಲಿ ಸರಿಯಾಗಿ ಕೊಡುವ ಬಗ್ಗೆ, ಅದೂ ದೊಡ್ಡವರಿಗೆ. ಸೊಂಟನೋವಿಗೆ, ತಲೆನೋವಿಗೆ ಅಲ್ಲ. ಇಲ್ಲಿರುವ ಎಂಜಿ ಲೆಕ್ಕಗಳು ನಿಮ್ಮ ಚೀಟಿ ನಿಮಗೆ ಅರ್ಥವಾಗಲಿ ಅಂತ ಕೊಟ್ಟಿರುವ ಉದಾಹರಣೆ ಮಾತ್ರ. ನಿಮ್ಮ ಮನೆಯವರಿಗೆ ಎಷ್ಟು ಅನ್ನುವುದು ಚೀಟಿಯಲ್ಲಿ ಇರುವಷ್ಟೇ.

ಇದು ಕೆಲಸ ಮಾಡುವುದು ಹೇಗೆ

ನಾವು ಪಾಯಸ ಮಾಡುವ ಗಸಗಸೆ ಇದೆಯಲ್ಲ, ಅದೇ ಗಿಡದ ಹಸಿ ಕಾಯಿಯನ್ನು ಗೀರಿದರೆ ಹಾಲು ಬರುತ್ತದೆ. ಅದು ಒಣಗಿದರೆ ಅಫೀಮು. ಅಫೀಮಿನಿಂದ ಬೇರ್ಪಡಿಸಿದ್ದು ಮಾರ್ಫಿನ್. ಇನ್ನೂರು ವರ್ಷದ ಹಿಂದೆ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಯುವಕ ಇದನ್ನು ಮಾಡಿದ, ಗ್ರೀಕರ ಕನಸಿನ ದೇವರು ಮಾರ್ಫಿಯಸ್‌ನ ಹೆಸರಿಟ್ಟ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವು ಕಡೆ ಸರ್ಕಾರದ ಲೈಸೆನ್ಸ್ ಇಟ್ಟುಕೊಂಡೇ ಈ ಗಿಡ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರದಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. ಮಾರ್ಫಿನ್, ಕೋಡೀನ್, ಟ್ರಮಡಾಲ್, ಫೆಂಟನಿಲ್, ಮೆಥಡೋನ್, ಇವನ್ನೆಲ್ಲ ಸೇರಿಸಿ ಓಪಿಯಾಯ್ಡ್ ಅನ್ನುತ್ತಾರೆ.

ನಮ್ಮ ದೇಹ ತಾನೇ ಎಂಡಾರ್ಫಿನ್ ಎಂಬ ನೋವು ತಗ್ಗಿಸುವ ವಸ್ತು ಮಾಡಿಕೊಳ್ಳುತ್ತದೆ. ಅದು ಬಂದು ಕೂರಲು ನರಕೋಶಗಳ ಮೇಲೆ ಜಾಗಗಳಿವೆ. ಅವಕ್ಕೆ ರಿಸೆಪ್ಟರ್ ಅಂತ ಹೆಸರು. ಮಾರ್ಫಿನ್ ಹೋಗಿ ಕೂರುವುದು ಅದೇ ಜಾಗದಲ್ಲಿ. ಕೂತ ಕೂಡಲೇ ಬೆನ್ನುಹುರಿಯ ಮೂಲಕ ಮೇಲೆ ಹೋಗುವ ನೋವಿನ ಸುದ್ದಿ ಮೆತ್ತಗಾಗುತ್ತದೆ. ತೊಂದರೆ ಏನೆಂದರೆ ಈ ರಿಸೆಪ್ಟರ್‌ಗಳು ನೋವಿನ ದಾರಿಯಲ್ಲಿ ಮಾತ್ರ ಇಲ್ಲ. ಕರುಳಿನಲ್ಲಿವೆ, ಅದಕ್ಕೆ ಮಲಬದ್ಧತೆ. ವಾಂತಿ ನೋಡಿಕೊಳ್ಳುವ ಜಾಗದಲ್ಲಿವೆ, ಅದಕ್ಕೆ ವಾಕರಿಕೆ. ಉಸಿರಾಟ ನೋಡಿಕೊಳ್ಳುವ ಮೆದುಳಿನ ಬುಡದಲ್ಲಿವೆ, ಅದಕ್ಕೇ ಲೆಕ್ಕ ತಪ್ಪಬಾರದು.

ಮೊದಲು ಇವನ್ನು ತೆಗೆದಿಟ್ಟುಕೊಳ್ಳಿ

ಡಾಕ್ಟರ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಒಂದು ನೋಟ್‌ಬುಕ್, ಅಲಾರಂ ಇಡಲು ಫೋನು, ಬೀಗ ಹಾಕುವ ಡಬ್ಬಿ ಅಥವಾ ಬೀರುವಿನ ಖಾನೆ. ಮೋಷನ್ ಆಗಲು ಕೊಟ್ಟ ಮಾತ್ರೆ. ರೋಗಿ ತಗೊಳ್ಳುವ ಬೇರೆ ಎಲ್ಲ ಮಾತ್ರೆಗಳ ಪಟ್ಟಿ, ನಾಟಿ ಔಷಧಿಯೂ ಸೇರಿ. ಮತ್ತೆ ರಾತ್ರಿ ಫೋನ್ ಮಾಡಿದರೆ ಎತ್ತುವ ಒಂದು ನಂಬರ್. ಇದು ಇಲ್ಲದೆ ಆಸ್ಪತ್ರೆ ಬಿಟ್ಟು ಬರಬೇಡಿ, ಸಂಕೋಚ ಪಡದೆ ಕೇಳಿ ಬರೆಸಿಕೊಳ್ಳಿ.

ಹಂತ 1: ಶೀಟಿನ ಹಿಂದೆ ಏನು ಬರೆದಿದೆ ಓದಿ

ಮಾರ್ಫಿನ್ ಮಾತ್ರೆ ಎರಡು ಥರ. ಒಂದು ಸಾದಾ ಮಾತ್ರೆ, ಸಾಮಾನ್ಯವಾಗಿ 10 ಎಂಜಿ. ತಗೊಂಡ ಅರ್ಧ ಗಂಟೆಗೆ ಕೆಲಸ ಶುರು ಮಾಡಿ ನಾಲ್ಕು ಗಂಟೆ ಇರುತ್ತದೆ. ಇನ್ನೊಂದು ಎಸ್‌ಆರ್, ಅಂದರೆ ನಿಧಾನವಾಗಿ ಔಷಧಿ ಬಿಡುವ ಮಾತ್ರೆ. ಇದು 12 ಗಂಟೆಗೊಂದು.

ಸಾದಾ ಮಾತ್ರೆಯನ್ನು ಮುರಿಯಬಹುದು, ನುಂಗಲಾಗದವರಿಗೆ ಪುಡಿ ಮಾಡಿ ನೀರಲ್ಲಿ ಕೊಡಬಹುದು. ಎಸ್‌ಆರ್ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ಜಜ್ಜಬೇಡಿ, ಅಗಿಯಲು ಬಿಡಬೇಡಿ. ಹನ್ನೆರಡು ಗಂಟೆಯ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಮೂಗಿನ ಟ್ಯೂಬ್‌ನಲ್ಲಿ ಊಟ ಕೊಡುವ ಮನೆಗಳಲ್ಲಿ ಈ ತಪ್ಪು ಆಗುವ ಸಾಧ್ಯತೆ ಜಾಸ್ತಿ. ಟ್ಯೂಬ್ ಇದೆ ಅಂತ ಡಾಕ್ಟರಿಗೆ ಹೇಳಿದರೆ ಅವರು ಸಾದಾ ಮಾತ್ರೆಗೆ ಬದಲಾಯಿಸಿ ಕೊಡುತ್ತಾರೆ.

ಇನ್ನೊಂದು ಗಾಬರಿ ಇದೆ. "ಆಸ್ಪತ್ರೆಯಲ್ಲಿ 5 ಎಂಜಿ ಇಂಜೆಕ್ಷನ್ ಕೊಡ್ತಿದ್ರು, ಮನೆಗೆ 15 ಎಂಜಿ ಮಾತ್ರೆ ಬರೆದಿದ್ದಾರೆ, ತಪ್ಪಾಗಿರಬೇಕು." ತಪ್ಪಾಗಿಲ್ಲ. ಬಾಯಿಯಿಂದ ಹೋದ ಮಾರ್ಫಿನ್ ಮೊದಲು ಲಿವರ್ ದಾಟಬೇಕು, ಅಲ್ಲೇ ಹೆಚ್ಚಿನ ಪಾಲು ಬದಲಾಗಿ ಹೋಗುತ್ತದೆ. ಸುಮಾರು ಮೂರನೇ ಒಂದು ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಇಂಜೆಕ್ಷನ್‌ನ ಮೂರರಷ್ಟು ಮಾತ್ರೆ ಅನ್ನುವುದು ಮಾಮೂಲಿ ಲೆಕ್ಕ.

ಹಂತ 2: ಮನೆಯಲ್ಲಿರುವ ಬೇರೆ ಮಾತ್ರೆಗಳನ್ನು ವಿಂಗಡಿಸಿ

ಮಾರ್ಫಿನ್ ಶುರುವಾಗುವ ಮುಂಚೆ ಹೆಚ್ಚಿನವರು ಟ್ರಮಡಾಲ್ ತಗೊಂಡಿರುತ್ತಾರೆ. ಒಂದೊಂದು ಸಲ ಪ್ಯಾರಸಿಟಮಾಲ್ ಜೊತೆ ಸೇರಿಸಿದ ಮಾತ್ರೆ ಇರುತ್ತದೆ. ಟ್ರಮಡಾಲ್ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಟ್ರಮಡಾಲ್‌ಗೆ ದಿನಕ್ಕೆ 400 ಎಂಜಿ ಎಂಬ ಮಿತಿ ಇದೆ, ಅದು ದಾಟಿದರೆ ಫಿಟ್ಸ್ ಬರಬಹುದು. ಖಿನ್ನತೆಯ ಕೆಲವು ಮಾತ್ರೆಗಳ ಜೊತೆಗೂ ಅದಕ್ಕೆ ಹೊಂದುವುದಿಲ್ಲ.

"ಟ್ರಮಡಾಲ್ ಕೊಟ್ಟರೂ ನೋವು ಇಳಿದಿಲ್ಲ, ಮಾರ್ಫಿನ್ ಕೂಡ ಅಷ್ಟೇ ಇರಬೇಕು" ಅನ್ನುವವರಿಗೆ ಒಂದು ವಿಷಯ. ಕೋಡೀನ್ ಲಿವರ್‌ಗೆ ಹೋಗಿ ಮಾರ್ಫಿನ್ ಆದ ಮೇಲೆಯೇ ಕೆಲಸ ಮಾಡುವುದು, ಟ್ರಮಡಾಲ್‌ದೂ ಬಹುಪಾಲು ಅದೇ ಥರದ ಕಥೆ. ಈ ಬದಲಾವಣೆ ಮಾಡುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅವರಿಗೆ ಕೋಡೀನ್ ಕೊಟ್ಟರೂ ಒಂದೇ ಬಿಟ್ಟರೂ ಒಂದೇ. ಮಾರ್ಫಿನ್‌ಗೆ ಈ ತಕರಾರು ಇಲ್ಲ.

ಇನ್ನು ಅಪಾಯದ ಜೋಡಿ: ಆಲ್‌ಪ್ರಜೋಲಮ್ ಥರದ ನಿದ್ರೆ ಮಾತ್ರೆ, ಹೆಂಡ, ಕೋಡೀನ್ ಇರುವ ಕೆಮ್ಮಿನ ಸಿರಪ್. ಇವೆಲ್ಲ ಮಾರ್ಫಿನ್ ಜೊತೆ ಸೇರಿ ಉಸಿರನ್ನು ಕುಗ್ಗಿಸುತ್ತವೆ. ನರದ ನೋವಿಗೆ ಡಾಕ್ಟರೇ ಪ್ರೆಗಾಬಾಲಿನ್ ಅಥವಾ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೆ ಕೊಡಿ, ಆದರೆ ಮಂಪರು ಜಾಸ್ತಿ ಇರುತ್ತದೆ ಅಂತ ಗೊತ್ತಿರಲಿ. ಪ್ಯಾರಸಿಟಮಾಲ್ ಮುಂದುವರಿಸಲು ಹೇಳಿದ್ದರೆ ಬಿಡಬೇಡಿ, ಮಾರ್ಫಿನ್ ಬಂತು ಅಂತ ಅದು ವೇಸ್ಟ್ ಅಲ್ಲ.

ಕಿಡ್ನಿ ವಿಷಯ. "ನೋವಿನ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ" ಅನ್ನುವ ಮಾತು ಡೈಕ್ಲೋಫೆನಾಕ್ ಥರದ ಮಾತ್ರೆಗಳಿಗೆ ಸರಿ. ಮಾರ್ಫಿನ್ ಕಿಡ್ನಿ ಹಾಳು ಮಾಡುವುದಿಲ್ಲ. ಆದರೆ ಕಿಡ್ನಿ ಮೊದಲೇ ಸೋತಿದ್ದರೆ ಮಾರ್ಫಿನ್ ಹೊರಗೆ ಹೋಗುವುದಿಲ್ಲ. ಲಿವರ್ ಅದನ್ನು ಇನ್ನೊಂದು ರೂಪಕ್ಕೆ ಬದಲಾಯಿಸುತ್ತದೆ, ಆ ರೂಪವೂ ಜೋರಾಗಿಯೇ ಕೆಲಸ ಮಾಡುತ್ತದೆ, ಅದು ಮೂತ್ರದಲ್ಲೇ ಹೋಗಬೇಕು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಲೆಕ್ಕ) ಜಾಸ್ತಿ ಇದ್ದರೆ, ಅಥವಾ ವಾಂತಿ ಭೇದಿಯಾಗಿ ಮೂತ್ರ ಕಡಿಮೆಯಾಗಿದ್ದರೆ, ನಿನ್ನೆವರೆಗೆ ಸರಿಯಿದ್ದ ಡೋಸೇ ಇವತ್ತು ಜಾಸ್ತಿ ಆಗಬಹುದು. ಅಂಥ ದಿನ ಮುಂದಿನ ಡೋಸ್ ಕೊಡುವ ಮೊದಲೇ ಫೋನ್ ಮಾಡಿ.

ಹಂತ 3: ಗಡಿಯಾರ ನೋಡಿ ಕೊಡಿ, ಮುಖ ನೋಡಿ ಅಲ್ಲ

ಎಲ್ಲರೂ ಎಡವುವುದು ಇಲ್ಲೇ. "ನೋವು ಬಂದಾಗ ಕೊಡೋಣ, ಸುಮ್ನೆ ಯಾಕೆ" ಅಂತ ಮಾತ್ರೆ ಉಳಿಸುತ್ತಾರೆ. ಸಾದಾ ಮಾರ್ಫಿನ್ ರಕ್ತದಲ್ಲಿ ಎರಡು ಮೂರು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ನಾಲ್ಕು ಗಂಟೆಗೆ ನೋವು ಮತ್ತೆ ತಲೆ ಎತ್ತುತ್ತದೆ. ಅದು ತಲೆ ಎತ್ತಿದ ಮೇಲೆ ಕೊಟ್ಟರೆ ಇಳಿಸಲು ಅರ್ಧ ಗಂಟೆ ಒಂದು ಗಂಟೆ ಬೇಕು. ಅಷ್ಟು ಹೊತ್ತು ನರಳಾಟ, ಆಮೇಲೆ ಅದನ್ನು ಹಿಡಿಯಲು ಇನ್ನೊಂದು ಮಾತ್ರೆ. ನಾಲ್ಕು ಗಂಟೆಗೊಮ್ಮೆ ಕೊಟ್ಟರೆ ರಕ್ತದಲ್ಲಿ ಔಷಧಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ನೋವು ಬರುವ ಮುಂಚೆಯೇ ಮುಂದಿನ ಡೋಸ್ ಹೋಗಿರುತ್ತದೆ.

ಮಾಮೂಲಿ ಹೊತ್ತು ಹೀಗೆ: ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ 2 ಗಂಟೆಗೆ ಎಬ್ಬಿಸದೆ ಇರಲು ಹತ್ತು ಗಂಟೆಯದ್ದನ್ನು ಎರಡರಷ್ಟು ಬರೆಯುವ ರೂಢಿ ಇದೆ. ನಿಮ್ಮ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಅದು ಕೈತಪ್ಪಲ್ಲ. ಬರೆದಿಲ್ಲ ಅಂದರೆ ನೀವಾಗಿ ಎರಡು ಕೊಡಬೇಡಿ.

ಒಂದು ಮನೆಯಲ್ಲಿ ಅಜ್ಜಿಯ ಸೊಸೆ ಮಂಚದ ತಲೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್‌ನಲ್ಲೇ ಲೆಕ್ಕ ಇಟ್ಟಿದ್ದಳು. ಒಂದೊಂದು ತಾರೀಖಿನ ಚೌಕದಲ್ಲಿ ಪೆನ್ಸಿಲ್‌ನ ಸಣ್ಣ ಗೀಟುಗಳು, ಮಾತ್ರೆಗೆ ಒಂದು. ಸೋಮವಾರ ಐದು ಗೀಟು, ಮಂಗಳವಾರ ಐದು, ಏಕಾದಶಿ ದಿನ ಮೂರೇ. "ಅವತ್ತು ಅತ್ತೆ ಉಪವಾಸ ಇದ್ರು ಮೇಡಂ, ಮಧ್ಯಾಹ್ನದ್ದು ಕೊಡಲಿಲ್ಲ." ಅವತ್ತೇ ಸಂಜೆ ಅವರು ನನಗೆ ಫೋನ್ ಮಾಡಿ "ಮಾತ್ರೆ ಹಿಡಿಯುತ್ತಿಲ್ಲ" ಅಂದಿದ್ದು. ಊಟಕ್ಕೂ ಮಾರ್ಫಿನ್‌ಗೂ ಸಂಬಂಧವಿಲ್ಲ, ಖಾಲಿ ಹೊಟ್ಟೆಗೂ ಕೊಡಬಹುದು. ವ್ರತ ಇದ್ದರೆ ನೀರಿನ ಜೊತೆ ಕೊಡಿ. ಆದರೆ ಆ ಗೀಟಿನ ಲೆಕ್ಕ ನನಗೆ ತುಂಬಾ ಇಷ್ಟವಾಯಿತು, ನೋಟ್‌ಬುಕ್ ಇಲ್ಲದವರು ಹಾಗೇ ಮಾಡಿ.

ಒಂದು ಡೋಸ್ ಮರೆತರೆ? ನೆನಪಾದಾಗ ಕೊಡಿ, ಮುಂದಿನದಕ್ಕೆ ಹೊತ್ತು ಹತ್ತಿರವಾಗಿದ್ದರೆ ಅದನ್ನು ಬಿಟ್ಟುಬಿಡಿ. ಎರಡನ್ನು ಸೇರಿಸಿ ಕೊಡಬೇಡಿ.

ಹಂತ 4: ನಡುವೆ ನೋವು ಬಂದರೆ

ಹೊತ್ತಿಗೆ ಸರಿಯಾಗಿ ಕೊಟ್ಟರೂ ಒಮ್ಮೊಮ್ಮೆ ನೋವು ನುಗ್ಗಿ ಬರುತ್ತದೆ. ಇದಕ್ಕೆ ಬ್ರೇಕ್‌ಥ್ರೂ ನೋವು ಅಂತಾರೆ. ಅದಕ್ಕೆ ಕೊಡುವ ಹೆಚ್ಚುವರಿ ಡೋಸ್ ಸಾಮಾನ್ಯವಾಗಿ ದಿನದ ಒಟ್ಟು ಲೆಕ್ಕದ ಆರನೇ ಒಂದು ಭಾಗ. ಉದಾಹರಣೆಗೆ ದಿನಕ್ಕೆ ಒಟ್ಟು 60 ಎಂಜಿ ಇದ್ದರೆ ಹೆಚ್ಚುವರಿ 10 ಎಂಜಿ ಸಾದಾ ಮಾತ್ರೆ. ಎಸ್‌ಆರ್ ತಗೊಳ್ಳುವವರಿಗೂ ಇದು ಸಾದಾ ಮಾತ್ರೆಯೇ ಆಗಬೇಕು, ಎಸ್‌ಆರ್‌ನಿಂದ ತಕ್ಷಣಕ್ಕೆ ಏನೂ ಆಗುವುದಿಲ್ಲ. ನಿಮ್ಮ ಚೀಟಿಯಲ್ಲಿ ಈ ಡೋಸ್ ಮತ್ತು ದಿನಕ್ಕೆ ಎಷ್ಟು ಸಲ ಅನ್ನುವುದು ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

ಹೆಚ್ಚುವರಿ ಕೊಟ್ಟ ಮಾತ್ರಕ್ಕೆ ಮುಂದಿನ ಹೊತ್ತಿನ ಡೋಸ್ ತಪ್ಪಿಸಬೇಕಿಲ್ಲ. ಸ್ನಾನ ಮಾಡಿಸುವಾಗ, ಗಾಯ ಕ್ಲೀನ್ ಮಾಡುವಾಗ ನೋವು ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಗಂಟೆ ಮುಂಚೆ ಕೊಡಬಹುದಾ ಅಂತಲೂ ಕೇಳಿಟ್ಟುಕೊಳ್ಳಿ. ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಅಂದರೆ ಮೂಲ ಡೋಸೇ ಸಾಲುತ್ತಿಲ್ಲ ಅಂತ. ಡಾಕ್ಟರ್ ನೋಟ್‌ಬುಕ್ ನೋಡಿ ಏರಿಸುತ್ತಾರೆ. ಅದಕ್ಕೇ ಹೊತ್ತು, ಎಂಜಿ, ಹತ್ತರಲ್ಲಿ ಎಷ್ಟು ನೋವು, ಈ ಮೂರನ್ನು ಬರೆಯಿರಿ ಅನ್ನುವುದು.

ಹಂತ 5: ಮೋಷನ್ ಮಾತ್ರೆ ಮೊದಲ ದಿನದಿಂದಲೇ

ವಾಕರಿಕೆ, ಮಂಪರು ದಿನ ಕಳೆದಂತೆ ದೇಹಕ್ಕೆ ಒಗ್ಗುತ್ತವೆ. ಮಲಬದ್ಧತೆ ಒಗ್ಗುವುದೇ ಇಲ್ಲ, ಮಾರ್ಫಿನ್ ಇರುವಷ್ಟು ದಿನವೂ ಇರುತ್ತದೆ. ಅದಕ್ಕೇ ಬಿಸಾಕೊಡಿಲ್ ಅಥವಾ ಸೆನ್ನಾ ಥರದ, ಕರುಳನ್ನು ತಳ್ಳುವ ಮಾತ್ರೆ ಜೊತೆಯಲ್ಲೇ ಬರೆದಿರುತ್ತಾರೆ. "ಇವತ್ತು ಆಯ್ತಲ್ಲ, ಬೇಡ" ಅಂತ ಬಿಡಬೇಡಿ.

ಇಸಬ್ಗೋಲ್ ಕೊಡುವವರು ಬಹಳ ಜನ. ಅದು ಕೆಲಸ ಮಾಡಲು ಲೋಟಗಟ್ಟಲೆ ನೀರು ಬೇಕು. ನೀರೇ ಕುಡಿಯಲಾಗದವರ ಹೊಟ್ಟೆಯಲ್ಲಿ ಅದು ಮುದ್ದೆಯಾಗಿ ಕೂತು ದಾರಿ ಕಟ್ಟುತ್ತದೆ. ಬೇಡ.

ಮೂರು ದಿನ ಮೋಷನ್ ಆಗದಿದ್ದರೆ ಫೋನ್ ಮಾಡಿ. ಇನ್ನೊಂದು ಮೋಸದ ಲಕ್ಷಣ ಇದೆ: ಎಷ್ಟೋ ದಿನ ಆಗದೆ ಇದ್ದವರಿಗೆ ಒಮ್ಮೆಲೇ ನೀರು ನೀರಾಗಿ ಸ್ವಲ್ಪ ಸ್ವಲ್ಪ ಹೋಗಲು ಶುರುವಾಗುತ್ತದೆ. ಭೇದಿ ಅಂದುಕೊಂಡು ಮೋಷನ್ ಮಾತ್ರೆ ನಿಲ್ಲಿಸುತ್ತೀರಿ. ಗಟ್ಟಿಯಾದ ಮಲ ಒಳಗೆ ಕೂತಿದ್ದು ಅದರ ಸುತ್ತ ನೀರು ಸೋರುತ್ತಿರಬಹುದು. ನಿಲ್ಲಿಸುವ ಮುಂಚೆ ನರ್ಸ್ ಬಂದು ನೋಡಲಿ.

ಹಂತ 6: ಮೊದಲ ವಾರ

ಎರಡು ಮೂರು ದಿನ ನಿದ್ದೆ ಜಾಸ್ತಿ. ವಾರಗಟ್ಟಲೆ ನೋವಿನಿಂದ ಕಣ್ಣು ಮುಚ್ಚದವರು ನೋವು ಇಳಿದಾಗ ಮಲಗುವುದು ಸಹಜ. ಕೂಗಿದರೆ ಎದ್ದು ಮಾತಾಡುತ್ತಾರೆ ಅಂದರೆ ಚಿಂತೆಯಿಲ್ಲ. ವಾಕರಿಕೆಗೆ ಮಾತ್ರೆ ಬೇಕಾದರೆ ಮೊದಲ ವಾರಕ್ಕೆ ಕೊಡುತ್ತಾರೆ. ಮೈ ತುರಿಕೆ, ಬಾಯಿ ಒಣಗುವುದು ಆಗಬಹುದು. ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಿದರೆ ತಕ್ಷಣ ಹೇಳಿ. ಗಾಡಿ ಓಡಿಸುವುದು ಬೇಡ.

ಹಂತ 7: ಯಾವಾಗ ಓಡಬೇಕು

ಮೊದಲು ಬರುವ ಸುಳಿವು ಅಂದರೆ ಹೊಸದಾಗಿ ಜಾಸ್ತಿಯಾದ ಮಂಪರು, ಮಾತು ತಡವರಿಸುವುದು, ಕೈಕಾಲು ಇದ್ದಕ್ಕಿದ್ದಂತೆ ಜಗ್ಗುವುದು, ಇಲ್ಲದ ಮನುಷ್ಯರು ಕಾಣುವುದು. ಇವು ಕಂಡರೆ ಮುಂದಿನ ಡೋಸ್ ತಡೆದು ಫೋನ್ ಮಾಡಿ.

ಎಬ್ಬಿಸಿದರೂ ಏಳುತ್ತಿಲ್ಲ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಆಗಿದೆ, ಒಂದು ನಿಮಿಷಕ್ಕೆ ಉಸಿರು ಎಂಟಕ್ಕಿಂತ ಕಡಿಮೆ, ತುಟಿ ನೀಲಿ: 108ಕ್ಕೆ ಫೋನ್ ಮಾಡಿ, "ಮಾರ್ಫಿನ್ ತಗೊಳ್ಳುತ್ತಾರೆ" ಅಂತ ಮೊದಲೇ ಹೇಳಿ. ಉಸಿರು ಎಣಿಸುವುದು ಅಂದರೆ ಎದೆ ಏರುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸುವುದು, ಅಂದಾಜು ಅಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ನಿಂಬೆರಸ, ಮಜ್ಜಿಗೆ, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಅದು ರಿಸೆಪ್ಟರ್ ಮೇಲೆ ಕೂತ ಮಾರ್ಫಿನ್ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಆದರೆ ಅದರ ಪ್ರಭಾವ ಒಂದು ಗಂಟೆ ಆಸುಪಾಸು ಮಾತ್ರ. ಎಸ್‌ಆರ್ ಮಾತ್ರೆ ಒಳಗಿದ್ದರೆ ಮತ್ತೆ ಮಂಪರು ಮರಳಬಹುದು, ಹಾಗಾಗಿ "ಎಚ್ಚರ ಆಯ್ತು, ಮನೆಗೆ ಹೋಗೋಣ" ಅಂತ ಅವಸರ ಮಾಡಬೇಡಿ.

ಪಟ್ಟಿ ಕೊಟ್ಟಿದ್ದರೆ

ಫೆಂಟನಿಲ್ ಪ್ಯಾಚ್ ಅಂದರೆ ಚರ್ಮಕ್ಕೆ ಅಂಟಿಸುವ ಪಟ್ಟಿ. ನೋಡಲು ಸೊಂಟನೋವಿನ ಪ್ಲಾಸ್ಟರ್ ಥರ ಇದೆ, ಆದರೆ ಗಂಟೆಗೆ 25 ಮೈಕ್ರೋಗ್ರಾಂನ ಪಟ್ಟಿ ದಿನಕ್ಕೆ 60 ಎಂಜಿ ಅಥವಾ ಅದಕ್ಕೂ ಹೆಚ್ಚು ಮಾರ್ಫಿನ್ ಮಾತ್ರೆಗೆ ಸಮ. ಓಪಿಯಾಯ್ಡ್ ಅಭ್ಯಾಸವೇ ಇಲ್ಲದವರಿಗೆ ಇದನ್ನು ಹಾಕುವಂತಿಲ್ಲ. ಹಾಕಿದ 12 ಗಂಟೆಯ ಮೇಲೆ ನಿಧಾನಕ್ಕೆ ಕೆಲಸ ಶುರು, 72 ಗಂಟೆಗೊಮ್ಮೆ ಬದಲಾವಣೆ. ಪಟ್ಟಿಯ ಮೇಲೆ ತಾರೀಖು ಬರೆಯಿರಿ. ಹೊಸದು ಹಾಕುವ ಮುಂಚೆ ಹಳೆಯದನ್ನು ಕಿತ್ತಿದ್ದೀರಾ ನೋಡಿ, ಬೆನ್ನ ಮೇಲೆ ಒಂದು ಮರೆತುಹೋಗಿರುತ್ತದೆ. ಅದರ ಮೇಲೆ ಬಿಸಿನೀರಿನ ಬ್ಯಾಗ್ ಬೇಡ, ಜ್ವರ ಜೋರಿದ್ದರೂ ಡಾಕ್ಟರಿಗೆ ಹೇಳಿ. ಶಾಖ ತಾಗಿದರೆ ಔಷಧಿ ಬೇಗ ಒಳಗೆ ಹೋಗುತ್ತದೆ. ಹಳೆಯ ಪಟ್ಟಿಯಲ್ಲಿ ಇನ್ನೂ ಔಷಧಿ ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಚಟ, ಆಯಸ್ಸು, ಇತ್ಯಾದಿ

ಮೂರು ಬೇರೆ ಬೇರೆ ವಿಷಯವನ್ನು ಜನ ಒಂದೇ ಅಂದುಕೊಂಡಿದ್ದಾರೆ. ಟಾಲರೆನ್ಸ್ ಅಂದರೆ ದೇಹ ಒಗ್ಗಿ ಅದೇ ಡೋಸ್ ಕಡಿಮೆ ಅನ್ನಿಸುವುದು. ಆದರೆ ಕ್ಯಾನ್ಸರ್‌ನಲ್ಲಿ ಡೋಸ್ ಏರಲು ಹೆಚ್ಚಾಗಿ ಕಾರಣ ಕಾಯಿಲೆ ಮುಂದುವರಿದು ನೋವೇ ಜಾಸ್ತಿಯಾಗಿರುವುದು. ಡಿಪೆಂಡೆನ್ಸ್ ಅಂದರೆ ಒಮ್ಮೆಲೇ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಬೆವರು, ಭೇದಿ ಬರುವುದು. ಇದು ಕೆಲವು ವಾರ ತಗೊಂಡ ಯಾರಿಗಾದರೂ ಆಗುತ್ತದೆ. ರೇಡಿಯೇಷನ್ ಆಗಿ ನೋವು ಹೋಗಿದ್ದರೆ ಡಾಕ್ಟರ್ ಹಂತಹಂತವಾಗಿ ಇಳಿಸುತ್ತಾರೆ, ನೀವೇ ನಿಲ್ಲಿಸಬೇಡಿ. ಚಟ ಅಂದರೆ ನೋವಿಲ್ಲದಿದ್ದರೂ ಅದೇ ಬೇಕು ಅಂತ ಹಂಬಲಿಸುವುದು, ಹಾನಿಯಾದರೂ ಬಿಡಲಾಗದಿರುವುದು. ಕ್ಯಾನ್ಸರ್ ನೋವಿಗೆ ಲೆಕ್ಕದಲ್ಲಿ ತಗೊಳ್ಳುವವರಲ್ಲಿ ಇದು ಅಪರೂಪ, ಆದರೆ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಆಕ್ಸಿಕೋಡೋನ್ ಥರದ ಮಾತ್ರೆಗಳನ್ನು ಬೆನ್ನುನೋವು, ಮಂಡಿನೋವಿಗೆಲ್ಲ ಧಾರಾಳವಾಗಿ ಬರೆದು ಏನಾಯಿತು ಅಂತ ಲೋಕಕ್ಕೇ ಗೊತ್ತಿದೆ. ರೋಗಿಗೆ ಅಥವಾ ಮನೆಯಲ್ಲಿ ಯಾರಿಗಾದರೂ ಕುಡಿತದ, ಮಾದಕ ವಸ್ತುವಿನ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ಮಾತ್ರೆ ಕೊಡುವುದಿಲ್ಲ ಅನ್ನುವುದಿಲ್ಲ, ಒಮ್ಮೆಗೆ ಕಡಿಮೆ ಶೀಟು ಕೊಡುತ್ತಾರೆ.

"ಕೊನೇ ಔಷಧಿ" ಅನ್ನುವುದೂ ತಪ್ಪು. ನೋವು ಎಷ್ಟು ಅನ್ನುವುದರ ಮೇಲೆ ಮಾರ್ಫಿನ್ ಕೊಡುತ್ತಾರೆ, ಎಷ್ಟು ದಿನ ಉಳಿದಿದೆ ಅನ್ನುವುದರ ಮೇಲೆ ಅಲ್ಲ. ನೋವಿಗೆ ತಕ್ಕ ಡೋಸ್ ಆಯಸ್ಸು ಕಡಿಮೆ ಮಾಡುವುದಿಲ್ಲ. ಮಾರ್ಫಿನ್ ತಗೊಂಡು ಮೊಮ್ಮಗಳ ಮದುವೆಗೆ ಹೋಗಿಬಂದವರನ್ನು ನೋಡಿದ್ದೇನೆ.

ಹಂತ 8: ಮಾತ್ರೆ ಮುಗಿಯುವ ಮುಂಚೆ

ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಮಾರ್ಫಿನ್ ಸಾಮಾನ್ಯವಾಗಿ ಸಿಗುವುದಿಲ್ಲ. ಇದು 1985ರ ಎನ್‌ಡಿಪಿಎಸ್ ಕಾಯ್ದೆಗೆ, ಅಂದರೆ ಮಾದಕ ವಸ್ತುಗಳ ಕಾಯ್ದೆಗೆ ಬರುತ್ತದೆ. ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ಲೈಸೆನ್ಸ್ ಕಾಟ ಇತ್ತು. 2014ರ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆ, ಆರೈಕೆ ಕೇಂದ್ರಗಳು ಇಟ್ಟುಕೊಂಡು ಕೊಡುವುದು ಸುಲಭವಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಉಚಿತ ಆರೈಕೆ ಕೊಡುವ ಕರುಣಾಶ್ರಯ ಇದೆ. ಬೇರೆ ಜಿಲ್ಲೆಯವರು ಹತ್ತಿರದಲ್ಲಿ ಯಾವ ಕೇಂದ್ರಕ್ಕೆ ಮಾನ್ಯತೆ ಇದೆ ಅಂತ ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರವೇ ಕೇಳಿ. ಹಾಗಾಗಿ ಶೀಟಿನಲ್ಲಿ ಐದು ದಿನದ ಮಾತ್ರೆ ಉಳಿದಾಗಲೇ ಹೊರಡಿ, ಹಬ್ಬದ ರಜೆ, ಎರಡನೇ ಶನಿವಾರ ಎಲ್ಲ ಲೆಕ್ಕ ಹಾಕಿ. ಚೀಟಿ, ಹಳೆಯ ಶೀಟು, ನೋಟ್‌ಬುಕ್, ರೋಗಿಯ ಮತ್ತು ನಿಮ್ಮ ಗುರುತಿನ ಚೀಟಿ ಕೈಯಲ್ಲಿರಲಿ.

ಪ್ರಯಾಣ ಇದ್ದರೆ ಚೀಟಿ ಮತ್ತು ಡಾಕ್ಟರ ಪತ್ರ ಜೊತೆಯಲ್ಲೇ ಇರಬೇಕು. ದುಬೈಯ ಮಗನ ಮನೆಗೆ ಹೋಗುವವರು ಇನ್ನೂ ಹುಷಾರಾಗಿರಿ. ಅಲ್ಲಿ ಟ್ರಮಡಾಲ್, ಕೋಡೀನ್‌ಗೂ ಮುಂಚೆಯೇ ಒಪ್ಪಿಗೆ ಪಡೆಯಬೇಕು. ಗಸಗಸೆ ಪೊಟ್ಟಣ ತಗೊಂಡು ಹೋದರೂ ಕೇಸು.

ಉಳಿದ ಮಾತ್ರೆಯನ್ನು ಪಕ್ಕದ ಮನೆಯ ಮಂಡಿನೋವಿನವರಿಗೆ ಕೊಡಬೇಡಿ. ಅವರಿಗೆ ಅಪಾಯ, ನಿಮಗೆ ಕಾನೂನಿನ ತೊಂದರೆ. ರೋಗಿ ತೀರಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ ಶೀಟು ದೇವರ ಗೂಡಿನ ಪಕ್ಕದಲ್ಲೋ ಫ್ರಿಜ್ ಮೇಲೋ ವರ್ಷಗಟ್ಟಲೆ ಇರುತ್ತದೆ. ಹದಿಮೂರನೇ ದಿನದ ಗಡಿಬಿಡಿ ಮುಗಿದ ಮೇಲೆ ಎಣಿಸಿ, ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದು, ತಂದ ಕಡೆಗೇ ವಾಪಸ್ ಕೊಟ್ಟುಬನ್ನಿ. ಅಲ್ಲಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ.